ನಗೆಗಾರನ ಹಿಂದೆ ನೂರು ವಾದ್ಯ

ಕಳೆದ ಗಣೇಶನ ಹಬ್ಬದಲ್ಲಿ ಜಯನಗರದ ನಮ್ಮ ಬಡಾವಣೆಯವರು ಎಂದಿನಂತೆ ಮೈದಾನದಲ್ಲಿ ಪೆಂಡಾಲು ಹಾಕಿ ಐದು ದಿನ ಕಾರ್ಯಕ್ರಮ ನಡೆಸಿದರು. ನಾಲ್ಕನೆಯ ದಿನ 'ಆರ್ಕೆಸ್ಟ್ರಾ'. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೇನೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೀಬೋರ್ಡು, ಒಂದು ಗಿಟಾರು, ಒಂದು ರಿದಂ ಪ್ಯಾಡು, ಒಂದು ಜೊತೆ ತಬಲ, ಚಿತ್ರಗೀತೆ ಹಾಡುವ ನಾಲ್ವರು; ಅವರು ನೀರು ಕುಡಿದು ಸುಧಾರಿಸಿಕೊಳ್ಳುವಷ್ಟು ಹೊತ್ತು ಜನರನ್ನು ಹಿಡಿದು ಕೂರಿಸಲು ಒಬ್ಬ ಮಿಮಿಕ್ರಿಯವನು. ಆ ಮಿಮಿಕ್ರಿಯವನಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಕೂಡದೆಂದು ಸಮಿತಿಯ ಸಭೆಯಲ್ಲಿ ವಾದಿಸಿ ಗೆದ್ದವನು ನಾನು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣವಾದುದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆತ ಬಂದ. ಎಲ್ಲರೂ ಮಾಡುವಂತೆ ನಾಲ್ಕಾರು ನಟರ ದನಿ, ಒಂದು ರೈಲು, ಒಂದು ಕೆಟ್ಟುನಿಂತ ಸ್ಕೂಟರು, ಇಷ್ಟನ್ನು ಮಾಡಿ ಮುಗಿಸಿದ. ಆಮೇಲೆ, ಯಾರೂ ಕೇಳದಿದ್ದರೂ, ಕೈಕಟ್ಟಿ ನಿಂತು ಕೈಲಾಸಂ ಅವರ 'ತಿಪ್ಪಾರಳ್ಳಿ' ಹಾಡನ್ನು ಎತ್ತಿಕೊಂಡ. ಮುಖದಲ್ಲಿ ನಗೆಯ ಸುಳಿವಿಲ್ಲ. ಊರು ಬಿಟ್ಟು ಬಂದು ಸಂಜೆಯ ಬಸ್ಸನ್ನೂ ತಪ್ಪಿಸಿಕೊಂಡವನ ಮುಖ ಹೇಗಿರುತ್ತದೋ ಹಾಗಿತ್ತು. ಹಿಂದಿನ ಸಾಲಿನ ಹಿರಿಯರು ನಗತೊಡಗಿದರು. ಅದನ್ನು ಕಂಡು ಕೀಬೋರ್ಡಿನ ಹುಡುಗನಿಗೆ ಉತ್ಸಾಹ ಉಕ್ಕಿತು. ಒಂದು ಗುಂಡಿ ಒತ್ತಿ ಬಾತುಕೋಳಿ ಕೂಗಿಸಿದ. ಇನ್ನೊಂದು ಒತ್ತಿ ಗಾಜು ಒಡೆಸಿದ. ಮೂರನೆಯದಕ್ಕೆ ತಾನೇ ನಕ್ಕು ತಾಳ ಬಿಟ್ಟ. ಹಾಡು ಅಲ್ಲಿಗೇ ಸತ್ತಿತು. ಅಷ್ಟರಲ್ಲಿ ಹದಿನೈದು ನಿಮಿಷವೂ ಆಗಿತ್ತು. ನಾನೇ ಚೀಟಿ ಕಳಿಸಿದೆ.

ಪಕ್ಕದಲ್ಲಿದ್ದ ಎದುರುಮನೆಯ ರಾಯರು, "ನೋಡಿದಿರಾ ಸ್ವಾಮಿ, ಸಂಗೀತಾನೂ ಹಾಸ್ಯಾನೂ ಒಂದೇ ತಪ್ಪಲೇಲಿ ಬೇಯಿಸಕ್ಕಾಗಲ್ಲ. ಎರಡೂ ಸೀದುಹೋಗುತ್ತೆ" ಎಂದರು. ನಾನು ತಲೆದೂಗಿದೆ.

ಹದಿನೈದು ದಿನ ಕಳೆದ ಮೇಲೆ ಅದೇ ರಾಯರ ಮನೆಯಲ್ಲಿ ನನ್ನ ತಲೆದೂಗಿಕೆಗೆ ಪೆಟ್ಟು ಬಿತ್ತು. ಅವರ ಮೊಮ್ಮಗಳು ಪಿಟೀಲು ಕಲಿಯುತ್ತಾಳೆ. ಅದೂ ಪಾಶ್ಚಾತ್ಯ ಪದ್ಧತಿಯದು. "ತಾತ, ಇದನ್ನ ನೋಡಿ. ಅಂಕಲ್, ನೀವೂ ಕೂತ್ಕೊಳ್ಳಿ" ಎಂದು ಟೆಲಿವಿಷನ್ನಿನಲ್ಲಿ ಕೆಲವು ದೃಶ್ಯಗಳನ್ನು ಹಾಕಿದಳು. ಅಮೆರಿಕದ 'ವೀರ್ಡ್ ಅಲ್' ಯಾಂಕೋವಿಕ್ ಎಂಬಾತ ೨೦೧೯ರಲ್ಲಿ ಊರೂರಿನ ಸಿಂಫನಿ ವಾದ್ಯವೃಂದಗಳೊಡನೆ ನಡೆಸಿದ ಕಚೇರಿಗಳ ತುಣುಕುಗಳು ಅವು. ೧೯೫೯ರಲ್ಲಿ ಹುಟ್ಟಿದ ಈ ಮನುಷ್ಯನ ವಾದ್ಯ ಅಕಾರ್ಡಿಯನ್, ವೃತ್ತಿ ಅಣಕುಹಾಡು. ಮೈಕೆಲ್ ಜಾಕ್ಸನ್ನರ 'ಬೀಟ್ ಇಟ್' ಜಗತ್ತನ್ನೆಲ್ಲ ಕುಣಿಸುತ್ತಿದ್ದಾಗ, ೧೯೮೪ರಲ್ಲಿ, ಅದೇ ಧಾಟಿಗೆ 'ಈಟ್ ಇಟ್' ಎಂದು ಊಟದ ಹಾಡು ಕಟ್ಟಿ ಹೆಸರಾದ. ೨೦೧೪ರಲ್ಲಿ ಆತನ ಧ್ವನಿಮುದ್ರಿಕೆಯೊಂದು ಬಿಡುಗಡೆಯಾದ ವಾರವೇ ಅಮೆರಿಕದ ಮಾರಾಟಪಟ್ಟಿಯ ತುದಿಗೇರಿತು. ಹಾಸ್ಯದ ಮುದ್ರಿಕೆಗೆ ಆ ಭಾಗ್ಯ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಅಣಕಿಸುವ ಮೊದಲು ಮೂಲ ಹಾಡುಗಾರರ ಒಪ್ಪಿಗೆ ಕೇಳುವುದು ಆತನ ಪದ್ಧತಿಯಂತೆ. ಕಾನೂನಿನ ಭಯಕ್ಕಲ್ಲ, ಮರ್ಯಾದೆಗೆ.

ರಾಯರು ಮೊದಲು ಮೂಗು ಮುರಿದರು. "ಕೋಟು ಹಾಕ್ಕೊಂಡ ಅಷ್ಟು ಜನ ವಿದ್ವಾಂಸರು ಈ ಕೋಡಂಗಿ ಹಿಂದೆ ಕೂತ್ಕೊಂಡು ಯಾಕಪ್ಪ ಬಾರಿಸಬೇಕು?" ಎಂದರು. ಎರಡನೆಯ ಹಾಡಿಗೆ ಅವರ ಹೊಟ್ಟೆ ಕುಲುಕುತ್ತಿತ್ತು. ನನಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಪೆಂಡಾಲಿನ ನೆನಪಾಗಿ ಒಂದು ಪ್ರಶ್ನೆ ಎದ್ದಿತು. ನಾಲ್ಕು ವಾದ್ಯದ ಮುಂದೆ ಸತ್ತುಹೋದ ಹಾಸ್ಯ ಇಷ್ಟು ದೊಡ್ಡ ವೃಂದದ ಮುಂದೆ ಹೇಗೆ ಬದುಕಿತು? ಹಣ, ದೀಪ, ಮೈಕು ಎಂದು ಉತ್ತರ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದು ಉತ್ತರವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ರಾಯರ ಆಕ್ಷೇಪವನ್ನು ತೆಗೆದುಕೊಳ್ಳೋಣ. ಸಿಂಫನಿ ಎಂದರೆ ಗಂಭೀರ, ಅದರೊಳಗೆ ನಗುವಿಗೆ ಎಡೆಯಿಲ್ಲ ಎಂಬ ಭಾವನೆ ದೂರದಿಂದ ನೋಡುವ ನಮ್ಮದು. ಆ ಸಂಗೀತವನ್ನು ಕಟ್ಟಿದ ಹಿರಿಯರಿಗೆ ಅದಿರಲಿಲ್ಲ. ಹೇಡನ್ ೧೭೯೨ರಲ್ಲಿ ಲಂಡನ್ನಿನ ಸಭಿಕರ ಮುಂದಿಟ್ಟ ೯೪ನೆಯ ಸಿಂಫನಿಯಲ್ಲಿ, ವಿಳಂಬದ ಭಾಗ ಜೋಗುಳದಂತೆ ಮೆಲ್ಲಗೆ ಸಾಗಿ, ಇನ್ನೇನು ಕಣ್ಣು ಮುಚ್ಚಬೇಕೆನ್ನುವಾಗ ವೃಂದವೆಲ್ಲ ಒಟ್ಟಿಗೆ ಧಡಾರನೆ ಬಡಿಯುತ್ತದೆ. ಆತನ ೬೦ನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಇನ್ನೂ ಚೆಲುವಾದ ತುಂಟತನವಿದೆ. ವಾದನ ಭರದಿಂದ ಹೊರಟ ಸ್ವಲ್ಪದರಲ್ಲೇ ಪಿಟೀಲಿನವರೆಲ್ಲ, ತಂತಿ ಇಳಿದಿದೆಯೆಂದು ಈಗ ತಾನೆ ಗೊತ್ತಾದವರಂತೆ, ನಡುವೆಯೇ ನಿಲ್ಲಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ರಾಮನವಮಿಯ ಕಚೇರಿಯಲ್ಲಿ ಪಲ್ಲವಿಯ ನಡುವೆ ಮೃದಂಗಕ್ಕೆ ಸುತ್ತಿಗೆ ಬೀಳುವುದನ್ನು ಕಂಡ ನಮಗೆ ಈ ತಮಾಷೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಮೊಟ್ಸಾರ್ಟ್ ೧೭೮೭ರಲ್ಲಿ 'ಸಂಗೀತದ ಒಂದು ತಮಾಷೆ' ಎಂಬ ಕೃತಿಯನ್ನೇ ಬರೆದ. ಕೈಲಾಗದ ವಾಗ್ಗೇಯಕಾರರನ್ನು ಅಣಕಿಸುವ ಆ ಕೃತಿ, ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ನುಡಿಸಿ ಒಟ್ಟಿಗೆ ಮುಳುಗುವುದರೊಡನೆ ಮುಗಿಯುತ್ತದೆ. ನೆಟ್ಟಗೆ ನುಡಿಸಬಲ್ಲವರಿಗೆ ಮಾತ್ರ ಹೀಗೆ ಸೊಟ್ಟಗೆ ನುಡಿಸಲು ಬರುತ್ತದೆ.

ನಮ್ಮ ಕಾಲಕ್ಕೆ ಹತ್ತಿರ ಬಂದರೆ, ೧೯೫೬ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಜೆರಾರ್ಡ್ ಹಾಫ್‌ನಂಗ್ ಎಂಬ ವ್ಯಂಗ್ಯಚಿತ್ರಕಾರ ಏರ್ಪಡಿಸಿದ ಉತ್ಸವವಿದೆ. ಅದಕ್ಕಾಗಿ ಮಾಲ್ಕಮ್ ಆರ್ನಾಲ್ಡ್ ಮೂರು ವ್ಯಾಕ್ಯೂಂ ಕ್ಲೀನರು, ಒಂದು ನೆಲ ಉಜ್ಜುವ ಯಂತ್ರ, ನಾಲ್ಕು ಬಂದೂಕು ಇವನ್ನು ಪೂರ್ಣ ವೃಂದದೊಡನೆ ಸೇರಿಸಿ ಒಂದು ಮುನ್ನುಡಿವಾದನ ಬರೆದ. ಇನ್ನೊಂದು ಕೃತಿಯಲ್ಲಿ ಪಿಯಾನೊ ನುಡಿಸುವಾಕೆ ಗ್ರೀಗನ ಕಾನ್ಚೆರ್ಟೊ ನುಡಿಸಬೇಕೆಂದುಕೊಂಡಿದ್ದಾಳೆ, ವೃಂದ ಚೈಕೋವ್‌ಸ್ಕಿಯದೆಂದುಕೊಂಡಿದೆ. ಇಬ್ಬರೂ ಬಿಟ್ಟುಕೊಡುವುದಿಲ್ಲ. ಅದೇ ಉತ್ಸವದಲ್ಲಿ ಡೆನಿಸ್ ಬ್ರೇನ್, ಆ ಕಾಲದ ಅತಿಶ್ರೇಷ್ಠ ಹಾರ್ನ್ ವಾದಕ, ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪಿನಲ್ಲಿ ಕಾನ್ಚೆರ್ಟೊದ ಒಂದು ಭಾಗವನ್ನು ನುಡಿಸಿದ.

ಇಲ್ಲಿ ಒಂದು ಮಾತು. ಆ ಡೆನಿಸ್ ಬ್ರೇನ್ ಫಿಲ್‌ಹಾರ್ಮೋನಿಯ ವಾದ್ಯವೃಂದದ ಮುಖ್ಯ ಹಾರ್ನ್ ವಾದಕ. ಆ ವೃಂದದ ಕಷ್ಟಕಾಲದಲ್ಲಿ ಆಸರೆಯಾದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಜಯನಗರಕ್ಕೆ ಅಡಿಗಲ್ಲು ಬಿದ್ದ ೧೯೪೮ರಲ್ಲೇ ಅವರು ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ೧೯೫೦ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳನ್ನು ಆಲ್ಬರ್ಟ್ ಹಾಲಿನಲ್ಲಿ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ ಹಿಂದೆ ನುಡಿಸಿದುದು ಅದೇ ವೃಂದ. ಖರ್ಚಿಗೆ ಹೊಣೆ ನಿಂತವರು ಒಡೆಯರು. ಇತ್ತ ಕರ್ನಾಟಕ ಸಂಗೀತದಲ್ಲಿ ೯೪ ಕೃತಿಗಳನ್ನು ರಚಿಸಿದವರೂ ಅವರೇ. ಹೀಗಿರುವಾಗ ಸಿಂಫನಿ ನಮಗೆ ತೀರ ಪರಕೀಯ ಎನ್ನುವುದು ಸರಿಯಲ್ಲ. ಮೈಸೂರಿನ ಋಣವಿದ್ದ ವೃಂದದ ವಾದಕನೇ ರಬ್ಬರ್ ಪೈಪು ಹಿಡಿದು ನಿಂತ. ಅವನ ಘನತೆ ಒಂದು ಗುಂಜಿಯೂ ಕಡಮೆಯಾಗಲಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ವೃಂದದೊಡನೆ ಹಾಸ್ಯ ಮಾಡುವುದರಲ್ಲಿ ಎರಡು ಬಗೆ. ಒಂದರಲ್ಲಿ ಸಂಗೀತವೇ ನಗೆಯ ವಸ್ತು. ಹಾಫ್‌ನಂಗ್ ಈ ಬಗೆ; ಬಾಖ್‌ನ ಮಕ್ಕಳಲ್ಲಿ ಕೊಟ್ಟಕೊನೆಯವನೆಂದು ಪಿ.ಡಿ.ಕ್ಯೂ. ಬಾಖ್ ಎಂಬ ಇಲ್ಲದ ಮನುಷ್ಯನನ್ನು ಸೃಷ್ಟಿಸಿ, ೧೯೬೫ರಿಂದ ಅವನ ಹೆಸರಿನಲ್ಲಿ ಕಚೇರಿ ನಡೆಸಿದ ಪೀಟರ್ ಶಿಕೆಲೆಯೂ ಈ ಬಗೆ. ಇಲ್ಲಿ ಸಭಿಕರಿಗೆ ಮೂಲದ ಪರಿಚಯವಿರಬೇಕು. ಗ್ರೀಗನನ್ನೂ ಚೈಕೋವ್‌ಸ್ಕಿಯನ್ನೂ ಕೇಳಿರದವನಿಗೆ ಅವರ ಜಗಳ ಬರಿಯ ಗದ್ದಲ. ಎರಡನೆಯ ಬಗೆಯಲ್ಲಿ ನಗೆ ಹಾಡುಗಾರನ ಮಾತಿನಲ್ಲಿದೆ; ವೃಂದ ಅದನ್ನು ನಂಬಿದಂತೆ ನುಡಿಸುತ್ತದೆ. ಯಾಂಕೋವಿಕ್ ಈ ಬಗೆ. ಆತ ಡಾನ್ ಮೆಕ್ಲೀನನ 'ಅಮೆರಿಕನ್ ಪೈ' ಧಾಟಿಗೆ 'ಸ್ಟಾರ್ ವಾರ್ಸ್' ಚಿತ್ರದ ಕಥೆಯನ್ನು ಹೊಸೆದು ೧೯೯೯ರಲ್ಲಿ ಕಟ್ಟಿದ ಹಾಡೊಂದಿದೆ. ಅದಕ್ಕೆ ವೃಂದ ಸೇರಿಕೊಂಡಾಗ ತಂತಿವಾದ್ಯಗಳು ಮಹಾಕಾವ್ಯವೊಂದರ ಉಪಸಂಹಾರಕ್ಕೆ ಬರುವಂತೆ ಬರುತ್ತವೆ. ಒಬ್ಬ ವಾದಕನೂ ಕಣ್ಣು ಮಿಟುಕಿಸುವುದಿಲ್ಲ. ಆ ಗಾಂಭೀರ್ಯವೇ ಹಾಸ್ಯದ ಅರ್ಧಭಾಗ.

ಆಗ ನನಗೆ ಹೊಳೆಯಿತು. ಪೆಂಡಾಲಿನಲ್ಲಿ ಹಾಡು ಸತ್ತದ್ದು ವಾದ್ಯ ನಾಲ್ಕೇ ಇದ್ದುವೆಂದಲ್ಲ, ಅವುಗಳಲ್ಲೊಂದು ನಕ್ಕಿತೆಂದು. ನಗಿಸುವವನ ಹಿಮ್ಮೇಳ ನಗಕೂಡದು.

ಇದು ಹೊಸ ಸೂತ್ರವಲ್ಲ. ನಮ್ಮ ಯಕ್ಷಗಾನದವರು ಇದನ್ನು ಎಂದೋ ಬಲ್ಲರು. ಹಾಸ್ಯಗಾರ ರಂಗಕ್ಕೆ ಬಂದು ಭಾಗವತರೊಡನೆ ವಾದಕ್ಕಿಳಿಯುತ್ತಾನೆ; ಸುತ್ತಿಬಳಸಿ, ತಪ್ಪಾಗಿ ಕೇಳಿಸಿಕೊಂಡು ಅವರನ್ನು ಸತಾಯಿಸುತ್ತಾನೆ. ಭಾಗವತರೋ ಮೇಳದ ಮೊದಲ ವೇಷಧಾರಿ. ಚೆಂಡೆ ಮದ್ದಳೆಗಳೆಲ್ಲ ಅವರ ಕೈತಾಳದ ಹಿಡಿತದಲ್ಲಿ. ಅವರು ಗಂಭೀರವಾಗಿ ಪ್ರಶ್ನೆ ಕೇಳುತ್ತಲೇ ಇರಬೇಕು. ಅವರೂ ಹಾಸ್ಯಕ್ಕಿಳಿದರೆ ರಂಗದ ಮೇಲೆ ಇಬ್ಬರು ಹಾಸ್ಯಗಾರರಾಗಿ ಒಬ್ಬನೂ ಉಳಿಯುವುದಿಲ್ಲ. ಗುಬ್ಬಿ ವೀರಣ್ಣನವರು 'ಸದಾರಮೆ'ಯ ಕಳ್ಳನಾಗಿ ನಾಡನ್ನು ನಗಿಸಿದ ಕಾಲದಲ್ಲಿ ಕಂಪೆನಿ ನಾಟಕಗಳ ಹಾರ್ಮೋನಿಯಂ ಮಾಸ್ತರರಿಗೂ ಇದೇ ಧರ್ಮ. ಕಳ್ಳನ ಹಾಡಾದರೇನು, ರಾಜನ ಹಾಡಾದರೇನು, ಕಾಲು ಒತ್ತುವ ಶ್ರದ್ಧೆ ಒಂದೇ.

ಆದರೆ ದೊಡ್ಡ ವೃಂದಕ್ಕೆ ಬಂದಾಗ ಎರಡು ತೊಡಕುಗಳು ಹೊಸದಾಗಿ ಹುಟ್ಟುತ್ತವೆ. ಒಂದು ಕಾಲದ್ದು. ನಗೆಗಾರ ಮಾತು ಬಿಟ್ಟು ನಗು ಬರುವ ತನಕ ಕಾಯುತ್ತಾನೆ. ಒಂದು ಸಂಜೆ ಎರಡು ಕ್ಷಣ, ಇನ್ನೊಂದು ಸಂಜೆ ಹತ್ತು. ಹಾರ್ಮೋನಿಯಂ ಮಾಸ್ತರ್ ಅವನ ಮುಖ ನೋಡಿ ನಿಲ್ಲಬಲ್ಲ. ಕಾಗದ ನೋಡಿ ನುಡಿಸುವ ಎಂಬತ್ತು ಜನ ಏನು ಮಾಡಬೇಕು? ಹಳೆಯ ಲಂಡನ್ನಿನ ಮ್ಯೂಸಿಕ್ ಹಾಲುಗಳಲ್ಲಿ ಇದಕ್ಕೆ ಉಪಾಯವಿತ್ತು. ಹಾಡುಗಾರ ಸಿದ್ಧನಾಗುವ ತನಕ ಎರಡೇ ಆವರ್ತವನ್ನು ಮತ್ತೆ ಮತ್ತೆ ನುಡಿಸಿರೆಂದು ಸ್ವರಲಿಪಿಯಲ್ಲೇ ಬರೆದಿಡುತ್ತಿದ್ದರು. ಅದನ್ನು ಎಲ್ಲಿ ಬಿಡಬೇಕೆಂದು ನಿರ್ಣಯಿಸುವವನು ವೃಂದದ ನಿರ್ದೇಶಕ. ಅವನಿಗೆ ಸಂಗೀತದ ಕಿವಿಯಷ್ಟೇ ಸಾಲದು, ಸಭೆಯ ನಗುವಿನ ಕಿವಿಯೂ ಬೇಕು. ಎರಡನೆಯ ತೊಡಕು ಮಾತಿನದು. ಹಾಸ್ಯಗೀತೆಯ ಪ್ರಾಣ ವ್ಯಂಜನಾಕ್ಷರದಲ್ಲಿದೆ. ಒಂದು 'ಟ'ಕಾರ ಕೇಳಿಸದಿದ್ದರೆ ಒಂದು ನಗು ಹೋಯಿತು. ಆದುದರಿಂದ ವಾದ್ಯಸಂಯೋಜನೆ ಮಾಡುವವನು ಮಾತಿನ ಕೆಳಗೆ ವಾದ್ಯಗಳನ್ನು ತೆಳುಮಾಡಬೇಕು. ಪಿಟೀಲಿನವರು ಕಮಾನು ಬಿಟ್ಟು ತಂತಿ ಮೀಟಬೇಕು. ಕಹಳೆಗಳು ಬಾಯಿಮುಚ್ಚಿಕೊಂಡಿದ್ದು ಮಾತು ಮುಗಿದ ಮೇಲೆ ಗುಡುಗಬೇಕು.

ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಯಾಂಕೋವಿಕ್‌ನ ಕಚೇರಿಯೂ ಅಪರಂಜಿಯಲ್ಲ. ನಾನು ನೋಡಿದ ಕೆಲವು ಹಾಡುಗಳಲ್ಲಿ ಆತನ ಸ್ವಂತ ತಂಡದ ಡ್ರಮ್ಮು ಗಿಟಾರುಗಳೇ ಎಲ್ಲ ಕೆಲಸ ಮಾಡುತ್ತವೆ. ಹಿಂದಿನ ವೃಂದ ಉದ್ದುದ್ದ ಸ್ವರ ಹಿಡಿದು, ಮದುವೆಮನೆಯಲ್ಲಿ ದೂರದ ನೆಂಟರು ಕುಳಿತಂತೆ, ಅಲಂಕಾರವಾಗಿ ಕುಳಿತಿರುತ್ತದೆ. ಗಾತ್ರವನ್ನೇ ಗುಣವೆಂದು ಭ್ರಮಿಸಿದಾಗ ಹೀಗಾಗುತ್ತದೆ. ಹೇಡನ್ನನ ತಮಾಷೆಯಲ್ಲಿ ಒಬ್ಬ ವಾದಕನೂ ದಂಡಕ್ಕೆ ಕುಳಿತಿಲ್ಲ.

ನಮ್ಮಲ್ಲಿ ಇಂಥ ವೃಂದದ ಮುಂದೆ ನಿಲ್ಲಬಲ್ಲ ಹಾಸ್ಯಗೀತೆ ಇದೆಯೆ? ಇದೆ, ಅದನ್ನೇ ಆ ದಿನ ನಾನು ಚೀಟಿ ಕಳಿಸಿ ನಿಲ್ಲಿಸಿದ್ದು. ಕೈಲಾಸಂ ಭೂವಿಜ್ಞಾನ ಓದಲು ಲಂಡನ್ನಿಗೆ ಹೋದವರು. ಅಲ್ಲಿನ ನಾಟಕಶಾಲೆಗಳನ್ನೂ ಮ್ಯೂಸಿಕ್ ಹಾಲುಗಳನ್ನೂ ಮನಸಾರೆ ಓದಿಕೊಂಡು ಬಂದರು. ೧೯೧೮ರ 'ಟೊಳ್ಳುಗಟ್ಟಿ'ಯಿಂದ ಕನ್ನಡ ರಂಗಭೂಮಿಗೆ ಅವರು ತಂದ ಆಡುಮಾತಿನ ವಿಚಾರ ಎಲ್ಲರೂ ಬಲ್ಲುದು. ಅವರ ಹಾಡುಗಳನ್ನು ಮಾತ್ರ ನಾವು ಇಂದಿಗೂ ಊಟವಾದ ಮೇಲಿನ ಎಲೆಯಡಿಕೆ ಎಂದೇ ಎಣಿಸಿದ್ದೇವೆ.

'ತಿಪ್ಪಾರಳ್ಳಿ'ಯ ಧಾಟಿ, ಮೊದಲ ಮಹಾಯುದ್ಧದ ಸೈನಿಕರ ಬಾಯಲ್ಲಿ ಹರಿದಾಡಿದ 'ಟಿಪ್ಪರರಿ' ಹಾಡಿನದು, ೧೯೧೨ರದು. ಲಂಡನ್ನಿಗೆ ಬಂದ ಐರಿಷ್ ಹಳ್ಳಿಗನೊಬ್ಬ ಊರನ್ನು ನೆನೆಸಿಕೊಳ್ಳುವ ಹಾಡು ಅದು. ಟಿಪ್ಪರರಿಗೂ ತಿಪ್ಪಾರಳ್ಳಿಗೂ ಇರುವ ಸದ್ದಿನ ನಂಟು ಯಾರಿಗಾದರೂ ಹೊಳೆಯಬಹುದು. ಆ ನಂಟಿನ ಎಳೆ ಹಿಡಿದು ಪರದೇಶದ ಹಂಬಲವನ್ನು ಹಳೇ ಮೈಸೂರಿನ ಹಳ್ಳಿಗನ ಹಂಬಲವನ್ನಾಗಿ ಮಾಡುವುದಕ್ಕೆ ಕೈಲಾಸಂ ಬೇಕಾಯಿತು. 'ಕೋಳೀಕೆ ರಂಗ'ನದು ಇನ್ನೂ ಸೊಗಸು. 'ಕಾನ್‌ಸ್ಟಾಂಟಿನೋಪಲ್' ಎಂಬ ಇಂಗ್ಲಿಷ್ ಹಾಡಿನಲ್ಲಿ ಊರಿನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒಪ್ಪಿಸುತ್ತಾರೆ. ಕನ್ನಡದಲ್ಲಿ ಅಕ್ಷರ ಒಪ್ಪಿಸುವುದೆಂದರೆ ಒತ್ತು, ಕೊಂಬು, ದೀರ್ಘ, ಸೊನ್ನೆ ಎಲ್ಲ ಸೇರಿತು. ಕೂಲಿಮಠದ ಅಯ್ಯನವರ ಬೆತ್ತವೂ ಸೇರಿತು. ಧಾಟಿ ಸಾಲದ್ದು, ನಗೆ ಸ್ವಂತದ್ದು. ಒಳ್ಳೆಯ ಅಣಕುಹಾಡು ಮೂಲವನ್ನು ಗೇಲಿ ಮಾಡುವುದಿಲ್ಲ, ಅದಕ್ಕೆ ಹೊಸ ಊರು ಕಟ್ಟಿಕೊಡುತ್ತದೆ. ಯಾಂಕೋವಿಕ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ, ೧೯೪೬ರಲ್ಲೇ ತೀರಿಕೊಂಡ ಕೈಲಾಸಂ ಇದನ್ನು ಮಾಡಿ ತೋರಿಸಿದ್ದರು.

ಈ ಹಾಡುಗಳು ವೃಂದದ ಭಾರವನ್ನು ತಡೆದಾವೆಂದು ನಾನು ನಂಬುವುದಕ್ಕೆ ಕಾರಣ ಅವುಗಳ ಒಳಗಿನ ದುಃಖ. ಊರು ದೂರ ಎಂಬ ಮಾತಿನಲ್ಲಿ ನಗುವಂಥದೇನಿದೆ? ಹೇಳುವವನ ಭಾಷೆಗೆ ನಗುತ್ತೇವೆ. ಅವನ ಪಾಡಿಗೆ ಅಲ್ಲ. ಬನಶಂಕರಿಯಲ್ಲೋ ಬಿಟಿಎಂ ಬಡಾವಣೆಯಲ್ಲೋ ಬಾಡಿಗೆ ಮನೆ ಹಿಡಿದು ಊರ ಕಡೆಯ ಬಸ್ಸಿಗೆ ಹಬ್ಬದ ಹಿಂದಿನ ರಾತ್ರಿ ನೂಕಾಡುವವರಿಗೆಲ್ಲ ಒಂದೊಂದು ತಿಪ್ಪಾರಳ್ಳಿ ಇದೆ. ಸಂಯೋಜಕನಿಗೆ ಎದೆಗಾರಿಕೆಯಿದ್ದರೆ ಕೊನೆಯ ಚರಣಕ್ಕೆ ಸೆಲ್ಲೊಗಳನ್ನು ಮಾತ್ರ ಉಳಿಸಿಕೊಳ್ಳಲಿ. ನಗುತ್ತಿದ್ದ ಸಭೆ ತಾನಾಗಿ ಮೌನವಾಗುತ್ತದೆ. ಇದು ಬರಿಯ ಕನಸೂ ಅಲ್ಲ. ಶರೀಫರ ಕೋಡಗ-ಕೋಳಿಯ ತತ್ವಪದದಲ್ಲಿ ತಲೆಕೆಳಗಾದ ಮಾತಿನ ನಗೆಯೂ ಉಂಟು, ಅದರ ಹಿಂದೆ ಬೇರೊಂದೂ ಉಂಟು. ಸಿ. ಅಶ್ವತ್ಥ್ ೧೯೯೦ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ಅದನ್ನು ಹಾಡಿ ಮನೆಮನೆಗೂ ಮುಟ್ಟಿಸಿದರು. ೨೦೦೫ರಲ್ಲಿ ಅರಮನೆ ಮೈದಾನದ 'ಕನ್ನಡವೇ ಸತ್ಯ'ದಲ್ಲಿ ದೊಡ್ಡ ವಾದ್ಯಮೇಳವನ್ನು ಬೆನ್ನಿಗಿಟ್ಟುಕೊಂಡು ಕನ್ನಡದ ಪದಗಳನ್ನು ಜನಸಾಗರದ ಮುಂದೆ ನಿಲ್ಲಿಸಿದವರೂ ಅವರೇ. ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವಿದೆ. ನಮ್ಮ ಮನೆಯಿಂದ ದೂರವೇನಲ್ಲ.

ಇಷ್ಟೆಲ್ಲ ಬರೆದ ಮೇಲೆ ಉಳಿದದ್ದನ್ನೂ ಹೇಳಿಬಿಡಬೇಕು. ಆ ರಾತ್ರಿ ಹಣದ ಲಕೋಟೆ ತೆಗೆದುಕೊಳ್ಳಲು ಮಿಮಿಕ್ರಿಯವನು ವೇದಿಕೆಯ ಹಿಂದೆ ಬಂದಿದ್ದ. ಎಣಿಸಲಿಲ್ಲ. "ಸಾರ್, ಇನ್ನೂ ಎರಡು ಚರಣ ಇತ್ತು" ಎಂದ. "ನಮ್ಮ ತಾತ ಹಾಡ್ತಿದ್ದದ್ದು ಸಾರ್. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಅವರೇ ಹೇಳಿಕೊಟ್ಟಿದ್ರು. ಈಗ ಮನೇಲಿ ಯಾರಿಗೂ ಬರಲ್ಲ, ನನಗೊಬ್ಬನಿಗೇ." ನಾನು, "ಟೈಮ್ ಆಗಿತ್ತಲ್ಲಪ್ಪ" ಎಂದೆ. ಆತ "ಹೌದು ಸಾರ್" ಎಂದು ಹೊರಟುಹೋದ.

ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ! ನಾನು ಆ ಮಾತನ್ನು ಆಗ ಕೇಳಿಸಿಕೊಳ್ಳಲಿಲ್ಲ. ಕೈಲಾಸಂ ಕುಳಿತು ಬರೆಯುವವರಲ್ಲ. ಹೇಳಿ ಬರೆಸುತ್ತಿದ್ದರು, ಬರೆದುಕೊಳ್ಳುವವರಿಲ್ಲದಾಗ ಹೇಳಿದ್ದು ಗಾಳಿಗೆ ಹೋಯಿತು. ಅವರ ಹಾಡಿನ ಮಾತುಗಳು ಅಚ್ಚಿನಲ್ಲಿ ಉಳಿದಿವೆ. ಸುಗಮ ಸಂಗೀತದವರು ಇಂದಿಗೂ ಹಾಡುತ್ತಾರೆ. ಆದರೆ ವಿರಾಮಗಳು ಅಚ್ಚಾಗಿಲ್ಲ. ಯಾವ ಶಬ್ದದ ಮೇಲೆ ಕಾಯಬೇಕು, ಯಾವುದನ್ನು ನುಂಗಬೇಕು, ಯಾವಾಗ ಮುಖವನ್ನು ಕಲ್ಲು ಮಾಡಬೇಕು ಎಂಬುದು ಬಾಯಿಂದ ಕಿವಿಗೆ ಮಾತ್ರ ಬರುವ ವಿದ್ಯೆ. ಹೇಡನ್ ತನ್ನ ತಮಾಷೆಯನ್ನು ಆವರ್ತ ಎಣಿಸಿ ಬರೆದಿಟ್ಟ; ಇನ್ನೂರು ವರ್ಷದ ಮೇಲೂ ಅದು ಅದೇ ಜಾಗದಲ್ಲಿ ನಗಿಸುತ್ತದೆ. ನಮ್ಮದು ಒಬ್ಬ ಮಿಮಿಕ್ರಿಯವನ ತಲೆಯಲ್ಲಿ, ಹದಿನೈದು ನಿಮಿಷದ ಚೀಟಿಯ ಕೆಳಗೆ ಇದೆ.

ನಗುವುದಕ್ಕೆ ನಾವೇನೂ ಹಿಂದೆ ಬಿದ್ದವರಲ್ಲ. ನಕ್ಕ ಮೇಲೆ ನಗಿಸಿದವನನ್ನು ಕೀಳು ಪಂಕ್ತಿಯಲ್ಲಿ ಕೂರಿಸುವ ಅಭ್ಯಾಸ ಮಾತ್ರ ಬಿಡಲೊಲ್ಲದು. ಮೊಟ್ಸಾರ್ಟನ ತಮಾಷೆಯನ್ನು ವಿದ್ವತ್ತೆಂದು ಒಪ್ಪುವ ನಾವು ಕೈಲಾಸಂ ಹಾಡನ್ನು ಗಾಯಕರು ನೀರು ಕುಡಿಯುವ ಸಮಯಕ್ಕೆ ಇಡುತ್ತೇವೆ. ಸಿಂಫನಿ ವೃಂದ ನಮ್ಮ ಬಡಾವಣೆಗೆ ಬರುವ ಸಂಭವವಿಲ್ಲ. ಬರದಿದ್ದರೂ ನಷ್ಟವಿಲ್ಲ. ದೊಡ್ಡ ವೃಂದದಿಂದ ಕಲಿಯಬೇಕಾದ ಪಾಠಕ್ಕೆ ನೂರು ಜನ ಬೇಕಾಗಿಲ್ಲ. ಶ್ರದ್ಧೆಯಿಂದ ಹಿಂದೆ ಕೂರುವ ಒಬ್ಬ ಸಾಕು.

ಮುಂದಿನ ಹಬ್ಬಕ್ಕೆ ಆತನಿಗೆ ಮುಕ್ಕಾಲು ಗಂಟೆ ಎಂದು ಸಮಿತಿಯ ಪುಸ್ತಕದಲ್ಲಿ ಬರೆಸಿದ್ದೇನೆ. ರಾಯರು ಸಹಿ ಹಾಕಿದ್ದಾರೆ. ಅವರ ಮೊಮ್ಮಗಳು ಪಿಟೀಲು ಹಿಡಿದು ಹಿಂದೆ ಕೂರಲು ಒಪ್ಪಿ, ಹಾಡನ್ನು ಆತನ ಬಾಯಿಂದ ಕೇಳಿ, ನಿಲ್ಲಿಸುವ ಜಾಗಗಳ ಸಮೇತ ಸ್ವರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಕೀಬೋರ್ಡಿನ ಹುಡುಗನನ್ನೂ ಕರೆಸಿದ್ದೇವೆ. ಅವನಿಗೆ ನಾನು ಹೇಳಿರುವುದು ಒಂದೇ ಮಾತು: "ಜನ ಎಷ್ಟಾದರೂ ನಗಲಿ ಮರಿ, ನೀನು ನಗಬೇಡ."